ಜಾಮೀನು ಹಾಕಿದ ಸಾಲ ಸುಸ್ತಿಯಾದರೆ ನನ್ನ ಗೃಹಸಾಲಕ್ಕೆ ಅಡ್ಡಿಯೇ?

ಪ್ರಶ್ನೆ: ನಾನು ಆಳಂದ ತಾಲ್ಲೂಕಿನವನು, ಕಲಬುರಗಿಯಲ್ಲಿ ಸರ್ಕಾರಿ ಶಾಲಾ ಶಿಕ್ಷಕ. ಮನೆ ಕಟ್ಟಿಸಲು ಸಾಲ ಕೇಳಿದಾಗ, ಸಿಬಿಲ್ ಸ್ಕೋರ್ (ಸಾಲ ತೀರಿಸಿದ ಇತಿಹಾಸಕ್ಕೆ ಕೊಡುವ ಅಂಕ) 658 ಇರುವುದರಿಂದ ಕಷ್ಟವೆಂದರು. ನನ್ನ ಸ್ವಂತ ಸಾಲದ ಒಂದು ಕಂತೂ ತಪ್ಪಿಲ್ಲ. ಕೆಲವು ವರ್ಷಗಳ ಹಿಂದೆ ಚಿಕ್ಕಪ್ಪನ ಮಗನ ಟ್ರ್ಯಾಕ್ಟರ್ ಸಾಲಕ್ಕೆ ಜಾಮೀನು ಹಾಕಿದ್ದೆ. ಅದೇ ಕಾರಣವೇ? ಈಗೇನು ಮಾಡಲಿ?

ಉತ್ತರ: ಅದೇ ಕಾರಣವಿರುವ ಸಾಧ್ಯತೆ ಹೆಚ್ಚು. 1872ರ ಭಾರತೀಯ ಕರಾರು ಕಾಯ್ದೆಯ 128ನೇ ಕಲಮಿನ ಪ್ರಕಾರ, ಒಪ್ಪಂದದಲ್ಲಿ ಬೇರೆ ಷರತ್ತು ಇಲ್ಲದಿದ್ದರೆ, ಜಾಮೀನುದಾರನ ಹೊಣೆಯು ಸಾಲಗಾರನ ಹೊಣೆಯಷ್ಟೇ ಆಗಿರುತ್ತದೆ. ‘ಬರೀ ಸಹಿ ಹಾಕಿದ್ದೇನೆ’ ಎಂಬ ಮಾತು ಮನೆಯಲ್ಲಿ ನಡೆದೀತು, ಬ್ಯಾಂಕಿನಲ್ಲಿ ನಡೆಯದು. ಆ ಸಾಲವು ನಿಮ್ಮ ಕ್ರೆಡಿಟ್ ವರದಿಯಲ್ಲಿಯೂ (ಸ್ಕೋರಿಗೆ ಆಧಾರವಾದ ಸಾಲಗಳ ದಾಖಲೆ) ‘ಗ್ಯಾರಂಟರ್’ ಎಂಬ ಗುರುತಿನೊಂದಿಗೆ ದಾಖಲಾಗಿರುತ್ತದೆ.

ಆದ್ದರಿಂದ ಮೊದಲು ಸ್ಕೋರನ್ನು ಬದಿಗಿಟ್ಟು ಪೂರ್ಣ ವರದಿಯನ್ನು ತರಿಸಿಕೊಳ್ಳಿ. 300ರಿಂದ 900ರವರೆಗಿನ ಆ ಅಂಕಿ ಫಲಿತಾಂಶ ಮಾತ್ರ, ಕಾರಣಗಳೆಲ್ಲ ವರದಿಯೊಳಗಿವೆ. ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್ ಮತ್ತು ಕ್ರಿಫ್ ಹೈಮಾರ್ಕ್ ಎಂಬ ನಾಲ್ಕೂ ಸಾಲಮಾಹಿತಿ ಸಂಸ್ಥೆಗಳು ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕೆಂಬುದು ರಿಸರ್ವ್ ಬ್ಯಾಂಕಿನ ನಿಯಮ. ನಿಮ್ಮ ವರದಿಯನ್ನು ನೀವೇ ನೋಡಿಕೊಂಡರೆ ಸ್ಕೋರ್ ಇಳಿಯುವುದಿಲ್ಲ.

ವರದಿಯಲ್ಲಿ ಪ್ರತಿ ಸಾಲದ ಕೆಳಗೂ ತಿಂಗಳುವಾರು ಚೌಕಗಳ ಸಾಲೊಂದಿರುತ್ತದೆ. ಬಾಕಿ ಇಲ್ಲದ ತಿಂಗಳಿಗೆ ಸಾಮಾನ್ಯವಾಗಿ 000 ಎಂದಿರುತ್ತದೆ. ತಡವಾಗಿದ್ದರೆ ಎಷ್ಟು ದಿನ ಎಂಬ ಅಂಕಿ ಬೀಳುತ್ತದೆ. ಟ್ರ್ಯಾಕ್ಟರ್ ಸಾಲದ ಈ ಚೌಕಗಳನ್ನು ವಿಶೇಷವಾಗಿ ಗಮನಿಸಿ. ನಮ್ಮ ಭಾಗದಲ್ಲಿ ಇಂಥ ಸಾಲಗಳ ಕಂತು ಸಾಮಾನ್ಯವಾಗಿ ಆರು ತಿಂಗಳಿಗೊಮ್ಮೆ ಬರುತ್ತದೆ. ಕಂತಿನ ದಿನ ಡಿಸೆಂಬರಿನಲ್ಲಿದ್ದು, ತೊಗರಿ ರಾಶಿಯಾಗಿ ಮಾರಾಟದ ಹಣ ಕೈಸೇರುವುದು ಫೆಬ್ರುವರಿಯಲ್ಲಾದರೆ, ಹಣ ಮುಳುಗಿಸುವ ಉದ್ದೇಶ ಯಾರಿಗೂ ಇರದಿದ್ದರೂ, ವರ್ಷವರ್ಷವೂ 30, 60 ಎಂಬ ಅಂಕಿಗಳು ಇಬ್ಬರ ವರದಿಯಲ್ಲೂ ಬೀಳುತ್ತವೆ. ಸುಸ್ತಿ ನಿಗದಿತ ಅವಧಿ (ಸಾಮಾನ್ಯ ಸಾಲಕ್ಕೆ 90 ದಿನ, ಬ್ಯಾಂಕಿನ ಕೃಷಿ ಸಾಲಕ್ಕೆ ಬೆಳೆ ಹಂಗಾಮಿನ ಲೆಕ್ಕ) ಮೀರಿದರೆ ಅಂಥ ಸಾಲವನ್ನು ಬ್ಯಾಂಕ್ ಅನುತ್ಪಾದಕ, ಅಂದರೆ ವಸೂಲಿ ನಿಂತ ಸಾಲ, ಎಂದು ವರ್ಗೀಕರಿಸುತ್ತದೆ. ಆ ಕಲೆ ಬೇಗ ಹೋಗುವಂಥದ್ದಲ್ಲ.

ಚಿಕ್ಕಪ್ಪನ ಮಗನನ್ನು ಜೊತೆಗೆ ಕರೆದುಕೊಂಡು ಟ್ರ್ಯಾಕ್ಟರ್ ಸಾಲ ಕೊಟ್ಟ ಶಾಖೆಗೆ ಹೋಗಿ, ಬಾಕಿ ಎಷ್ಟೆಂದು ಬರವಣಿಗೆಯಲ್ಲಿ ಪಡೆದು, ಸುಸ್ತಿ ಇದ್ದರೆ ಅದನ್ನು ಮೊದಲು ಕಟ್ಟಿಸಿ. ಮುಂದಿನ ಕಂತುಗಳ ದಿನಾಂಕವನ್ನು ಸುಗ್ಗಿಗೆ ಹೊಂದಿಸಬಹುದೇ ಎಂದೂ, ಹಾಗೆ ಹೊಂದಿಸಿದರೆ ಅದು ಸಾಲದ ಪುನರ್‌ರಚನೆ ಎಂದು ದಾಖಲಾಗುವುದೇ ಎಂದೂ ಕೇಳಿಕೊಳ್ಳಿ. ಅವರಿಂದ ಆಗದೆ ನೀವೇ ಹಣ ತುಂಬಬೇಕಾಗಿ ಬಂದರೆ, ನಿಮ್ಮ ಖಾತೆಯಿಂದಲೇ ತುಂಬಿ ರಸೀದಿ ಇಟ್ಟುಕೊಳ್ಳಿ. ಜಾಮೀನುದಾರನು ತುಂಬಿದ ಹಣವನ್ನು ಸಾಲಗಾರನಿಂದ ವಸೂಲಿ ಮಾಡುವ ಹಕ್ಕನ್ನು ಅದೇ ಕಾಯ್ದೆ ಕೊಟ್ಟಿದೆ. ಬಂಧುಗಳ ನಡುವೆ ಆ ಹಕ್ಕನ್ನು ಬಳಸುವುದು ಎಷ್ಟು ಕಷ್ಟವೆಂಬುದು ಬೇರೆ ಮಾತು. ಜಾಮೀನಿನಿಂದ ಹೊರಬರುವುದು ಮಾತ್ರ ಬ್ಯಾಂಕು ಒಪ್ಪಿದರಷ್ಟೇ ಸಾಧ್ಯ; ಬದಲಿ ಜಾಮೀನುದಾರರಿಲ್ಲದೆ ಅವರು ಒಪ್ಪುವುದು ಅಪರೂಪ.

‘ಇಷ್ಟು ಕಟ್ಟಿ, ಉಳಿದದ್ದು ಬಿಡುತ್ತೇವೆ’ ಎಂಬ ಒನ್ ಟೈಮ್ ಸೆಟ್ಲ್‌ಮೆಂಟಿಗೆ ಮಾತ್ರ ಯೋಚಿಸದೆ ಒಪ್ಪಬೇಡಿ. ಖಾತೆಯು ‘ಕ್ಲೋಸ್ಡ್’ ಎನ್ನುವ ಬದಲು ‘ಸೆಟಲ್ಡ್’ ಎಂದು ದಾಖಲಾದರೆ, ಪೂರ್ತಿ ಹಣ ಬರಲಿಲ್ಲವೆಂದೇ ಮುಂದಿನ ಬ್ಯಾಂಕು ಓದುತ್ತದೆ. ಪೂರ್ತಿ ತೀರಿಸಿ ಬೇಬಾಕಿ ಪತ್ರ ಪಡೆಯುವುದೇ ಲೇಸು.

ಹಣ ಕಟ್ಟಿದ್ದರೂ ವರದಿಯಲ್ಲಿ ಬಾಕಿ ತೋರಿಸುತ್ತಿದ್ದರೆ ಆ ವರದಿ ಕೊಟ್ಟ ಸಂಸ್ಥೆಗೆ ಆನ್‌ಲೈನಿನಲ್ಲೇ ದೂರು ಕೊಡಬಹುದು. ದೂರು 30 ದಿನಗಳಲ್ಲಿ ಇತ್ಯರ್ಥವಾಗದಿದ್ದರೆ, ಅಲ್ಲಿಂದ ಮುಂದೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂಬ ನಿಯಮವಿದೆ.

ನಿಮ್ಮ ಬಳಿ ಕ್ರೆಡಿಟ್ ಕಾರ್ಡ್ ಇದ್ದರೆ ಅದನ್ನೂ ನೋಡಿ. 50,000 ರೂಪಾಯಿ ಮಿತಿಯಲ್ಲಿ ಪ್ರತಿ ತಿಂಗಳೂ 45,000 ಬಳಸುವುದು, ಬಿಲ್ಲನ್ನು ಪೂರ್ತಿ ಕಟ್ಟಿದರೂ, ಸ್ಕೋರಿಗೆ ಒಳ್ಳೆಯದಲ್ಲ. ಮಿತಿಯ ಶೇ 30ರೊಳಗೆ ಇದ್ದರೆ ಉತ್ತಮ. ಈ ನಡುವೆ ನಾಲ್ಕಾರು ಬ್ಯಾಂಕುಗಳಿಗೆ ಒಟ್ಟೊಟ್ಟಿಗೆ ಅರ್ಜಿ ಹಾಕಬೇಡಿ, ಬ್ಯಾಂಕು ನಿಮ್ಮ ವರದಿ ತರಿಸಿದ ಒಂದೊಂದು ಸಲವೂ ಅದರಲ್ಲಿ ದಾಖಲಾಗುತ್ತದೆ. ಹಣ ಕೊಟ್ಟರೆ ಸ್ಕೋರ್ ಏರಿಸುತ್ತೇವೆನ್ನುವವರಿಂದ ದೂರವಿರಿ, ಸರಿಯಾದ ದಾಖಲೆಯನ್ನು ಅಳಿಸುವ ಅಧಿಕಾರ ಅವರಿಗಿಲ್ಲ.

ಕನಿಷ್ಠ ಸ್ಕೋರ್ ಇಷ್ಟೇ ಇರಬೇಕೆಂದು ರಿಸರ್ವ್ ಬ್ಯಾಂಕ್ ಗೊತ್ತುಪಡಿಸಿಲ್ಲ, ಹೀಗಾಗಿ ಈಗಲೇ ಸಾಲ ಕೊಡುವ ಸಂಸ್ಥೆ ಸಿಕ್ಕರೂ ಸಿಗಬಹುದು. ಬಡ್ಡಿ ಮಾತ್ರ ಹೆಚ್ಚಿರುತ್ತದೆ. 20 ವರ್ಷದ 30 ಲಕ್ಷ ರೂಪಾಯಿ ಸಾಲಕ್ಕೆ ಶೇ 8.5ರಂತೆ ತಿಂಗಳ ಕಂತು ಸುಮಾರು 26,035 ರೂಪಾಯಿಯಾದರೆ, ಶೇ 9.5ರಂತೆ ಸುಮಾರು 27,964 ಆಗುತ್ತದೆ. ಬಡ್ಡಿದರ ಬದಲಾಗದೆ ಉಳಿದರೆ ಒಟ್ಟು ವ್ಯತ್ಯಾಸ ನಾಲ್ಕೂವರೆ ಲಕ್ಷಕ್ಕೂ ಮಿಗಿಲು. ಕೆಲಸ ತೀರಾ ತುರ್ತಿಲ್ಲವಾದರೆ, ಸುಸ್ತಿ ತೀರಿಸಿ, ಟ್ರ್ಯಾಕ್ಟರಿನ ಮುಂದಿನ ಒಂದೆರಡು ಕಂತು ವೇಳೆಗೆ ಸರಿಯಾಗಿ ಬಿದ್ದ ಮೇಲೆ, ಸಂಬಳದ ಖಾತೆ ಇರುವ ಬ್ಯಾಂಕಿನಲ್ಲಿಯೇ ಮೊದಲು ಅರ್ಜಿ ಹಾಕುವುದು ನನ್ನ ಸಲಹೆ. ಪತ್ನಿಯವರು ಸಹ ಅರ್ಜಿದಾರರಾಗುವುದಾದರೆ ಅವರ ವರದಿಯನ್ನೂ ಈಗಲೇ ತರಿಸಿ ನೋಡಿ.