ಜೋಡಿಯಾದರೆ ಸಾಲದು, ಗುಂಪೂ ಕಟ್ಟಬೇಕು

2000ನೇ ಇಸವಿಯಲ್ಲಿ ಪ್ರಕಟವಾದ ಒಂದು ಪ್ರಯೋಗ ನನಗೆ ಇವತ್ತಿಗೂ ಬೆರಗು ಹುಟ್ಟಿಸುತ್ತದೆ. ಮೂತ್ರಪಿಂಡದಿಂದ ಬಂದು ಲ್ಯಾಬಿನಲ್ಲಿ ಬೆಳೆಯುತ್ತಿದ್ದ ಜೀವಕೋಶಗಳಲ್ಲಿ ನ್ಯೂರೋಲಿಜಿನ್ ಎಂಬ ಪ್ರೊಟೀನ್ ತಯಾರಾಗುವಂತೆ ಮಾಡಿ, ಅವುಗಳನ್ನು ನರಕೋಶಗಳ ಜೊತೆ ಬೆಳೆಸಿದರು. ನರಕೋಶದ ಉದ್ದನೆಯ ಎಳೆ ಈ ಪರಕೀಯ ಕೋಶವನ್ನು ಮುಟ್ಟಿದ ಕಡೆ, ಎಳೆಯೊಳಗೆ ರಾಸಾಯನಿಕ ತುಂಬಿದ ಪುಟ್ಟ ಚೀಲಗಳು ಬಂದು ಸೇರಿಕೊಂಡವು. ಅಂದರೆ ಇನ್ನೊಂದು ನರಕೋಶಕ್ಕೆ ಸಂದೇಶ ಕಳಿಸಲು ಮಾಡಿಕೊಳ್ಳುವ ಸಿದ್ಧತೆಯನ್ನೇ ಅದು ಇಲ್ಲೂ ಮಾಡಿಕೊಂಡಿತು. ಎದುರಿಗಿದ್ದದ್ದು ನರಕೋಶವೇ ಅಲ್ಲ!

ಎರಡು ನರಕೋಶಗಳು ಮಾತಾಡಿಕೊಳ್ಳುವ ಜಾಗವನ್ನು ಸಿನಾಪ್ಸ್ ಅನ್ನುತ್ತೇವೆ. ನಡುವಿನ ಸಂದು ಹೆಚ್ಚುಕಡಿಮೆ 20 ನ್ಯಾನೋಮೀಟರ್. ಸಂದೇಶ ಕಳಿಸುವ ಕೋಶದ ಪೊರೆಯಿಂದ ನ್ಯೂರೆಕ್ಸಿನ್ ಎಂಬ ಪ್ರೊಟೀನ್ ಈ ಸಂದಿಗೆ ಚಾಚಿಕೊಂಡಿರುತ್ತದೆ, ಪಡೆಯುವ ಕೋಶದ ಕಡೆಯಿಂದ ನ್ಯೂರೋಲಿಜಿನ್. ನಡುವೆ ಇವೆರಡೂ ಹಿಡಿದುಕೊಳ್ಳುತ್ತವೆ. ಈ ಹಿಡಿತಕ್ಕೆ ಕ್ಯಾಲ್ಸಿಯಂ ಬೇಕೇ ಬೇಕು. ನ್ಯೂರೆಕ್ಸಿನ್ ಪತ್ತೆಯಾದದ್ದು 1992ರಲ್ಲಿ, ಅದೂ ಬ್ಲ್ಯಾಕ್ ವಿಡೋ ಜೇಡದ ವಿಷ ನರಕೋಶದಲ್ಲಿ ಯಾವುದಕ್ಕೆ ಅಂಟಿಕೊಳ್ಳುತ್ತದೆ ಎಂದು ಹುಡುಕುವಾಗ. ಜೋಡಿಯ ಇನ್ನೊಂದು ಭಾಗ ಸಿಕ್ಕಿದ್ದು 1995ರಲ್ಲಿ.

ಇಷ್ಟಕ್ಕೇ ನಿಲ್ಲಿಸಿದರೆ, ಜೋಡಿ ಕೂಡಿತು, ಸಿನಾಪ್ಸ್ ಆಯಿತು ಅನ್ನಿಸಿಬಿಡುತ್ತದೆ. ವಿಷಯ ಅಷ್ಟು ಸರಳವಿಲ್ಲ. ಜೀವಕೋಶದ ಪೊರೆ ಗಟ್ಟಿ ಗೋಡೆಯಲ್ಲ, ಎಣ್ಣೆಯಂಥ ತೆಳು ಪದರ. ಅದರಲ್ಲಿ ಪ್ರೊಟೀನುಗಳು ಸುಮ್ನೆ ಒಂದೆಡೆ ಕೂರುವುದಿಲ್ಲ, ಅತ್ತಿತ್ತ ಜಾರುತ್ತಲೇ ಇರುತ್ತವೆ. ಒಂದೇ ಒಂದು ಜೋಡಿ ಕೂಡಿದರೆ ಅದು ಬಿಟ್ಟುಹೋಗುವುದಕ್ಕೂ ಹೊತ್ತು ಬೇಕಿಲ್ಲ. ವೆಲ್ಕ್ರೋ ಪಟ್ಟಿಯ ಒಂದು ಕೊಕ್ಕೆ ಏನನ್ನೂ ಹಿಡಿದಿಡಲಾರದು, ನೂರಾರು ಕೊಕ್ಕೆಗಳು ಒಟ್ಟಿಗೆ ಸಿಕ್ಕಿಕೊಂಡರೆ ಬಿಡಿಸುವುದು ಕಷ್ಟ. ಇಲ್ಲೂ ಹಾಗೇ.

ನ್ಯೂರೋಲಿಜಿನ್ ಒಂಟಿಯಾಗಿ ಇರುವುದಿಲ್ಲ ಎಂಬುದು ಇಲ್ಲಿ ಮುಖ್ಯ. ಎರಡೆರಡು ಅಣುಗಳು ಪಕ್ಕಪಕ್ಕದಲ್ಲಿ ಅಂಟಿಕೊಂಡು, ಎರಡೂ ಬದಿಯಲ್ಲಿ ಒಂದೊಂದು ನ್ಯೂರೆಕ್ಸಿನ್ ಹಿಡಿಯುತ್ತವೆ. ಹೀಗೆ ಎದುರು ದಡದ, ಅಂದರೆ ಸಂದೇಶ ಕಳಿಸುವ ಕೋಶದ, ನ್ಯೂರೆಕ್ಸಿನ್‌ಗಳು ಒತ್ತೊತ್ತಾಗಿ ಸೇರುತ್ತವೆ. ಈ ಸೇರುವಿಕೆಯೇ ಸಂಕೇತವಾ? 2003ರಲ್ಲಿ ಇದಕ್ಕೆ ಉತ್ತರ ಸಿಕ್ಕಿತು. ನ್ಯೂರೆಕ್ಸಿನ್‌ಗಳನ್ನು ಒಂದೆಡೆ ಗುಂಪುಗೂಡಿಸಿದರೆ ಅಷ್ಟೇ ಸಾಕು, ಚೀಲಗಳು ಅಲ್ಲಿಗೆ ಬರುತ್ತವೆ ಎಂದು ತಿಳಿಯಿತು. ಆದರೆ ಅದಕ್ಕೆ ನ್ಯೂರೆಕ್ಸಿನ್‌ನ ಕೋಶದೊಳಗಿನ ಬಾಲ ಇರಲೇಬೇಕು. ಹೊರಗೆ ಗುಂಪು ಕಟ್ಟಿದ್ದು ಒಳಗೆ ತಿಳಿಯುವುದು ಆ ಬಾಲದ ಮೂಲಕವೇ. ನನಗಂತೂ ಇಡೀ ಕತೆಯಲ್ಲಿ ತುಂಬ ಇಷ್ಟವಾಗುವ ಭಾಗ ಇದು.

ಈಚೆ ದಡದಲ್ಲಿ, ಅಂದರೆ ಸಂದೇಶ ಪಡೆಯುವ ಕೋಶದೊಳಗೆ, ನ್ಯೂರೋಲಿಜಿನ್‌ನ ಬಾಲ ಪಿಎಸ್‌ಡಿ-95 ಎಂಬ ಪ್ರೊಟೀನನ್ನು ಹಿಡಿಯುತ್ತದೆ. ಪೊರೆಯ ಕೆಳಗೆ ಚಪ್ಪರದ ಹಾಗೆ ಕೂತಿರುವ ಇದಕ್ಕೆ ಹಿಡಿಯುವ ಜಾಗಗಳು ಹಲವು. ಗ್ಲುಟಮೇಟ್ ರಾಸಾಯನಿಕವನ್ನು ಗುರುತಿಸುವ ಗ್ರಾಹಕಗಳು ಇದರ ನೆರವಿನಿಂದಲೇ ಅಲ್ಲಿ ನೆಲೆ ನಿಲ್ಲುತ್ತವೆ. ಚೀಲದಿಂದ ಹೊರಬಿದ್ದ ಗ್ಲುಟಮೇಟ್ ಕ್ಷಣಾರ್ಧದಲ್ಲಿ ಚದುರಿಹೋಗುತ್ತದೆ. ಗ್ರಾಹಕ ಸ್ವಲ್ಪ ದೂರ ಇದ್ದರೂ ಸಂದೇಶ ದುರ್ಬಲವಾಗುತ್ತದೆ. 2016ರಲ್ಲಿ ಅತಿಸೂಕ್ಷ್ಮ ಬೆಳಕಿನ ಸೂಕ್ಷ್ಮದರ್ಶಕದಿಂದ ನೋಡಿದಾಗ, ಚೀಲ ಒಡೆಯುವ ಜಾಗದ ನೇರ ಎದುರಿಗೇ ಗ್ರಾಹಕಗಳು ದಟ್ಟವಾಗಿರುವುದು ಕಂಡಿತು. ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿ ಇದು ಕಾಣುವುದಿಲ್ಲ. ಸುಮಾರು 200 ನ್ಯಾನೋಮೀಟರಿಗಿಂತ ಹತ್ತಿರದ ಎರಡು ಚುಕ್ಕೆ ಅದರಲ್ಲಿ ಒಂದೇ ಆಗಿ ತೋರುತ್ತವೆ.

ಹಾಗಾದರೆ ನ್ಯೂರೋಲಿಜಿನ್ ಇಲ್ಲದಿದ್ದರೆ ಸಿನಾಪ್ಸೇ ಹುಟ್ಟುವುದಿಲ್ವಾ? ನ್ಯೂರೋಲಿಜಿನ್‌ನ 1, 2, 3 ಎಂಬ ಮೂರು ಬಗೆಗಳನ್ನು ತೆಗೆದ ಇಲಿಮರಿಗಳು ಹುಟ್ಟಿದ ಸ್ವಲ್ಪ ಹೊತ್ತಿಗೆ ಉಸಿರಾಡಲಾಗದೆ ಸತ್ತವು. ಆದರೆ ಅವುಗಳ ಮಿದುಳಿನಲ್ಲಿ ಸಿನಾಪ್ಸ್‌ಗಳ ಸಂಖ್ಯೆ ಹೆಚ್ಚೇನೂ ಕಡಿಮೆಯಾಗಿರಲಿಲ್ಲ. ಸಂಪರ್ಕ ಇತ್ತು, ಕೆಲಸ ಸರಿಯಾಗಿ ಆಗುತ್ತಿರಲಿಲ್ಲ. ಎರಡು ದಡಗಳನ್ನು ಕೂಡಿಸುವ ಬೇರೆ ಪ್ರೊಟೀನ್ ಜೋಡಿಗಳೂ ಇವೆ. ಹಾಗಾಗಿ ನ್ಯೂರೋಲಿಜಿನ್‌ನ ಪಾತ್ರ ಸಿನಾಪ್ಸನ್ನು ಹುಟ್ಟಿಸುವುದಕ್ಕಿಂತ ಅದನ್ನು ಬಲಿಸುವುದರಲ್ಲೇ ಜಾಸ್ತಿ.

ಮನುಷ್ಯರಲ್ಲೂ ಇದರ ಸುಳಿವು ಇದೆ. ಆಟಿಸಂ ಇದ್ದ ಇಬ್ಬರು ಅಣ್ಣತಮ್ಮಂದಿರಲ್ಲಿ ನ್ಯೂರೋಲಿಜಿನ್-3ರ ಒಂದೇ ಒಂದು ಅಮೈನೋ ಆಮ್ಲ ಬದಲಾಗಿತ್ತು ಎಂದು 2003ರಲ್ಲಿ ವರದಿಯಾಯಿತು. ಆ ಬದಲಾವಣೆಯಿಂದ ಪ್ರೊಟೀನ್ ಸರಿಯಾಗಿ ಮಡಚಿಕೊಳ್ಳುವುದಿಲ್ಲ. ಬಹುಪಾಲು ಕೋಶದೊಳಗೇ ಸಿಕ್ಕಿಕೊಳ್ಳುತ್ತದೆ, ಪೊರೆ ತಲುಪುವುದು ಸ್ವಲ್ಪ ಮಾತ್ರ.