ಬಿಸಿಲಿದ್ದರೂ ಡಿ ಕಡಿಮೆ, ಡಿ ಕಡಿಮೆ ಇದ್ದರೂ ಎಂಎಸ್ ಕಡಿಮೆ

ನಮ್ಮ ಕಾಕು ಹೋದ ತಿಂಗಳು ರಕ್ತ ತಪಾಸಣೆ ಮಾಡಿಸಿದರು. ಡಿ ವಿಟಮಿನ್ ಮಿಲಿಲೀಟರಿಗೆ 11 ನ್ಯಾನೋಗ್ರಾಂ ಬಂತು. 20ಕ್ಕಿಂತ ಕೆಳಗಿದ್ದರೆ ಕೊರತೆ ಅಂತಲೇ ಲೆಕ್ಕ. "ದಿನಾ ಮಾಳಿಗಿ ಮ್ಯಾಲ ಹಪ್ಪಳಾ ಒಣಾ ಹಾಕ್ತೀನಿ. ಹುಬ್ಬಳ್ಳ್ಯಾಗ ಕುಂತು ನನಗ್ಯಾಕ ಬಿಸಲಿನ ಕೊರತಿ?" ಎಂದು ಕೇಳಿದರು. ಅದೇ ವಾರ ನಾನು ಓದುತ್ತಿದ್ದ ಪಾಠ ಮಲ್ಟಿಪಲ್ ಸ್ಕ್ಲೆರೋಸಿಸ್, ಅಂದರೆ ಎಂಎಸ್ ಎಂಬ ನರಗಳ ಕಾಯಿಲೆ. ಭೂಮಧ್ಯರೇಖೆಯಿಂದ ದೂರ ಹೋದಂತೆ ಎಂಎಸ್ ಜಾಸ್ತಿ, ಯಾಕೆಂದರೆ ಬಿಸಿಲು ಕಡಿಮೆ, ಡಿ ಕಡಿಮೆ ಎಂದು ನಾವೆಲ್ಲ ಒಂದೇ ಉಸಿರಲ್ಲಿ ಬಾಯಿಪಾಠ ಮಾಡಿದ್ದೇವೆ. ಕಾಕುವಿನ ರಿಪೋರ್ಟು ಪಕ್ಕಕ್ಕಿಟ್ಟುಕೊಂಡು ಓದಿದೆ. ಆ ಸಾಲು ಅಷ್ಟು ಸಲೀಸಲ್ಲ.

ಕಾಯಿಲೆ ಬಗ್ಗೆ ಎರಡೇ ಮಾತು. ಮೆದುಳು, ಬೆನ್ನುಹುರಿ ಮತ್ತು ಕಣ್ಣಿನ ನರದ ತಂತುಗಳಿಗೆ ಮೈಲಿನ್ ಎಂಬ ಹೊದಿಕೆ ಇರುತ್ತದೆ. ದೇಹವನ್ನು ಕಾಯಬೇಕಾದ ಕೋಶಗಳೇ ಅದನ್ನು ಕೆಡಿಸುತ್ತವೆ. ಹೆಚ್ಚಾಗಿ ಶುರುವಾಗುವುದು 20ರಿಂದ 40ರ ವಯಸ್ಸಿನಲ್ಲಿ, ಅದೂ ಹೆಂಗಸರಲ್ಲಿ ಜಾಸ್ತಿ.

ಈಗ ಲೆಕ್ಕ. 2020ರ ಅಂದಾಜಿನಂತೆ ಜಗತ್ತಿನಲ್ಲಿ 28 ಲಕ್ಷ ಜನರಿಗೆ ಎಂಎಸ್ ಇದೆ. ಅಂದರೆ ಲಕ್ಷಕ್ಕೆ ಸುಮಾರು 36. ಸ್ಕಾಟ್ಲೆಂಡಿನ ಉತ್ತರ ತುದಿಯ ಆರ್ಕ್ನಿ ದ್ವೀಪಗಳಲ್ಲಿ ಲಕ್ಷಕ್ಕೆ 400 ಮುಟ್ಟಿದೆ. ನಮ್ಮ ಮಂಗಳೂರಲ್ಲಿ ಎಣಿಸಿದಾಗ ಸಿಕ್ಕಿದ್ದು ಲಕ್ಷಕ್ಕೆ ಸುಮಾರು 8. ಈ ಅಂತರವನ್ನೆಲ್ಲ ಬಿಸಿಲಿನ ತಲೆಗೆ ಕಟ್ಟುವ ಮೊದಲು ಒಂದು ಪ್ರಶ್ನೆ ಕೇಳಬೇಕು: ಎಣಿಸಿದ್ದು ಹೇಗೆ? ಎಂಆರ್‌ಐ ಇಲ್ಲದ ಊರಲ್ಲಿ ಎಂಎಸ್ ಗೊತ್ತೇ ಆಗದೆ ಉಳಿಯಬಹುದು. ರೋಗಿಗಳು ಜಾಸ್ತಿ ವರ್ಷ ಬದುಕುವ ಕಡೆ ಹೊಸ ರೋಗಿಗಳು ಹೆಚ್ಚಾಗದಿದ್ದರೂ ಒಟ್ಟು ಸಂಖ್ಯೆ ಬೆಳೆಯುತ್ತದೆ. ಇನ್ನೊಂದು ತೊಡಕು, ನ್ಯೂರೋಮೈಲೈಟಿಸ್ ಆಪ್ಟಿಕಾ. ಕಣ್ಣಿನ ನರ, ಬೆನ್ನುಹುರಿಗೆ ಬರುವ ಇದು ನೋಡಲು ಎಂಎಸ್‌ನಂತೆಯೇ ಇದ್ದರೂ ಬೇರೆಯದೇ ಕಾಯಿಲೆ, ನಮ್ಮ ಕಡೆ ಅಪರೂಪವೂ ಅಲ್ಲ. ಅದನ್ನು ರಕ್ತದಲ್ಲಿ ಗುರುತಿಸಿಕೊಡುವ ಪ್ರತಿಕಾಯ ಪತ್ತೆಯಾದದ್ದು 2004ರಲ್ಲಿ. ಅದಕ್ಕೂ ಮೊದಲು ಏಷ್ಯಾದಲ್ಲಿ ಇಂಥ ಎಷ್ಟೋ ರೋಗಿಗಳನ್ನು ಎಂಎಸ್ ಪಟ್ಟಿಗೇ ಸೇರಿಸುತ್ತಿದ್ದರು.

ಬಿಸಿಲಿನ ಕೋನವನ್ನು ನಾವೇ ಲೆಕ್ಕ ಹಾಕಬಹುದು. ನನಗೆ ಈ ಪಾಠದಲ್ಲಿ ತುಂಬಾ ಇಷ್ಟವಾದ ಭಾಗ ಇದೇ. ಹುಬ್ಬಳ್ಳಿ ಇರುವುದು ಸುಮಾರು 15.4 ಡಿಗ್ರಿ ಉತ್ತರದಲ್ಲಿ. ಡಿಸೆಂಬರ್ 21ರ ನಡುಹಗಲು ಸೂರ್ಯನ ಎತ್ತರ ಬೇಕಾದರೆ 90ರಲ್ಲಿ 15.4 ಕಳೆಯಿರಿ, ಮತ್ತೆ ಭೂಮಿಯ ಓರೆಯ 23.4 ಕಳೆಯಿರಿ. 51 ಡಿಗ್ರಿ. ಐದೂವರೆ ಅಡಿ ಎತ್ತರದವರ ನೆರಳು ನಾಲ್ಕೂವರೆ ಅಡಿಯೊಳಗೇ ಮುಗಿಯುತ್ತದೆ. ಅದೇ ದಿನ 56 ಡಿಗ್ರಿಯ ಎಡಿನ್‌ಬರೋದಲ್ಲಿ ಸೂರ್ಯ 11 ಡಿಗ್ರಿಯೂ ಏರುವುದಿಲ್ಲ. ಅವರದೇ ನೆರಳು ಅಲ್ಲಿ 29 ಅಡಿ! ಅಷ್ಟು ಓರೆಯಾಗಿ ಬಂದ ಬಿಸಿಲು ಓಝೋನನ್ನು ಬಹಳ ದೂರ ಹಾದು ಬರಬೇಕು. ಚರ್ಮದಲ್ಲಿ ಡಿ ತಯಾರಾಗಲು ಬೇಕಾದ ಯುವಿ-ಬಿ ಕಿರಣ ದಾರಿಯಲ್ಲೇ ಸೋರಿಹೋಗುತ್ತದೆ. ಹಾಗಾಗಿ ಅಕ್ಟೋಬರಿನಿಂದ ಮಾರ್ಚಿನವರೆಗೆ ಸ್ಕಾಟ್ಲೆಂಡಿನವರ ಚರ್ಮ ಹೆಚ್ಚುಕಡಿಮೆ ರಜೆಯಲ್ಲಿರುತ್ತದೆ. ನಮಗೆ ಆ ತೊಂದರೆ ವರ್ಷದಲ್ಲಿ ಒಂದು ದಿನವೂ ಇಲ್ಲ. ಧಾರವಾಡದ ಮಳೆಗಾಲದ ಮೋಡ ಬಿಟ್ಟರೆ.

ಹಾಗಾದರೆ ಕಾಕುಗೆ 11 ಯಾಕೆ? ಅವರು ಹಪ್ಪಳ ಹಾಕುವುದು ಬೆಳಿಗ್ಗೆ ಎಂಟಕ್ಕೆ. ಆಗ ನಮ್ಮಲ್ಲೂ ಸೂರ್ಯ ಕೆಳಗೇ ಇರುತ್ತಾನೆ. ತಲೆಯ ಮೇಲೆ ಸೆರಗು, ಮೈತುಂಬ ಸೀರೆ. ಬಿಸಿಲಿಗೆ ಸಿಗುವುದು ಮುಖ ಮತ್ತು ಮುಂಗೈ ಅಷ್ಟೇ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಆರಿಸುವ ಹೆಂಗಸರನ್ನು ನೋಡಿ, ದಿನವಿಡೀ ದುಡಿದರೂ ಮೈ ಮುಚ್ಚಿಯೇ ಇರುತ್ತದೆ. ಕಪ್ಪು ಚರ್ಮಕ್ಕೆ ಅಷ್ಟೇ ಡಿ ಮಾಡಲು ಜಾಸ್ತಿ ಹೊತ್ತು ಬೇಕು. ಕಿಟಕಿ ಗಾಜಿನ ಹಿಂದೆ ಕೂತರೆ ಸೆಕೆ ಸಿಗುತ್ತದೆ, ಡಿ ಸಿಗುವುದಿಲ್ಲ. ಊಟದಿಂದ ತುಂಬಿಕೊಳ್ಳೋಣ ಅಂದರೆ ಡಿ ಇರುವುದು ಕೊಬ್ಬಿನ ಮೀನು ಮತ್ತು ಮೊಟ್ಟೆಯ ಹಳದಿಯಲ್ಲಿ. ಜೋಳದ ರೊಟ್ಟಿ, ಶೇಂಗಾ ಹಿಂಡಿಯಲ್ಲಿ ಹುಡುಕಿದರೆ ಎಲ್ಲಿಂದ ಬರಬೇಕು?

ಇಲ್ಲಿಗೆ ಸರಪಳಿಯ ಮೊದಲ ಕೊಂಡಿ ಕಳಚಿತು. ಊರಿನ ಬಿಸಿಲಿಂದ ಮನುಷ್ಯನ ರಕ್ತದ ಡಿ ಎಷ್ಟೆಂದು ಹೇಳಲು ಬರುವುದಿಲ್ಲ. ಎರಡನೆಯದೂ ಅಲುಗಾಡುತ್ತಿದೆ. ಭಾರತದಲ್ಲಿ ಡಿ ಕೊರತೆ ಮನೆಮನೆಯಲ್ಲಿದೆ. ಎಂಎಸ್ ಹಾಗಿಲ್ಲ.

ಹಾಗಂತ ಡಿ ವಿಷಯ ಸುಳ್ಳು ಅನ್ನಬೇಡಿ, ನಾನೂ ಮೊದಲು ಅಲ್ಲೇ ಎಡವಿದೆ. ದೇಶ ದೇಶ ಹೋಲಿಸುವುದು ಬೇರೆ, ಒಬ್ಬೊಬ್ಬರನ್ನೇ ಹಿಂಬಾಲಿಸುವುದು ಬೇರೆ. 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅಮೆರಿಕದ ಸೈನಿಕರ ಶೇಖರಿಸಿಟ್ಟ ರಕ್ತ ನೋಡಿದರು. ಮುಂದೆ ಎಂಎಸ್ ಬಂದವರು 257. ಬಿಳಿಯರಲ್ಲಿ ಡಿ ಅತಿ ಹೆಚ್ಚಿದ್ದ ಐದನೇ ಒಂದು ಪಾಲಿನವರಿಗೆ, ಅತಿ ಕಡಿಮೆ ಇದ್ದ ಪಾಲಿಗಿಂತ ಅಪಾಯ ಶೇ. 62 ಕಡಿಮೆ. ಕರಿಯರಲ್ಲಿ ಅಂಥ ಸಂಬಂಧ ಕಾಣಲಿಲ್ಲ. ಅಲ್ಲಿನ ಅಳತೆ ಲೀಟರಿಗೆ ನ್ಯಾನೋಮೋಲ್, ಹುಷಾರು. ನಮ್ಮ ಲ್ಯಾಬಿನ ಅಂಕಿಯನ್ನು ಎರಡೂವರೆಯಿಂದ ಗುಣಿಸಬೇಕು. ಕಾಕುವಿನ 11 ಅಲ್ಲಿ 27ರ ಸುಮಾರು. ಆ ಕೆಳಗಿನ ಪಾಲಿನ ಗಡಿಯೇ 63!

ಅಂದರೆ ಡಿ ಒಂದು ಪಾಲುದಾರ, ಯಜಮಾನ ಅಲ್ಲ. ಜೀನಿನ ಪಾಲಿದೆ. ಇಟಲಿಯ ಸಾರ್ಡಿನಿಯಾ ದ್ವೀಪದಲ್ಲಿ ಚೆನ್ನಾಗಿ ಬಿಸಿಲಿದೆ, ಎಂಎಸ್ಸೂ ಜಾಸ್ತಿ ಇದೆ. ಮುಂಬೈಯ ಪಾರ್ಸಿಗಳಲ್ಲಿ ಲಕ್ಷಕ್ಕೆ 26 ಸಿಕ್ಕಿತ್ತು, ನಮ್ಮ ಉಳಿದವರಿಗಿಂತ ಬಹಳ ಮೇಲೆ. ಮತ್ತೆ ಎಪ್‌ಸ್ಟೈನ್-ಬಾರ್ ವೈರಸ್: 2022ರಲ್ಲಿ ಒಂದು ಕೋಟಿಗೂ ಹೆಚ್ಚು ಅಮೆರಿಕನ್ ಸೈನಿಕರ ದಾಖಲೆ ನೋಡಿದಾಗ ಸೋಂಕಿನ ನಂತರ ಅಪಾಯ 32 ಪಟ್ಟು ಏರಿತ್ತು. ಹದಿಹರೆಯದಲ್ಲಿ ಜ್ವರವಾಗಿ ಬಂದರೆ ಅಪಾಯ ಜಾಸ್ತಿ. ನಮ್ಮಲ್ಲಿ ಬಹುತೇಕರಿಗೆ ಅದು ಎಳೆಯ ವಯಸ್ಸಿನಲ್ಲೇ ಬಂದು ಹೋಗಿರುತ್ತದೆ. "ಭಾರತದಲ್ಲಿ ಎಂಎಸ್ ಯಾಕೆ ಕಡಿಮೆ" ಎಂಬ ಪ್ರಶ್ನೆ ಬಂದರೆ ನಾನಂತೂ ಜೀನು ಮತ್ತು ವೈರಸ್ಸನ್ನು ಮೊದಲು ಬರೆದು ಬಿಸಿಲನ್ನು ಆಮೇಲೆ ಬರೆಯುತ್ತೇನೆ.

ಕಾಕುಗೆ ಡಾಕ್ಟರು ಡಿ ಪುಡಿ ಕೊಟ್ಟಿದ್ದಾರೆ, ವಾರಕ್ಕೊಂದು ಪೊಟ್ಟಣ, ಎಲುಬಿಗಾಗಿ. ದಿನಾ ತಗೊಂಡರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಬೇರೆ ಫಜೀತಿ, ಅದನ್ನೂ ಹೇಳಿದ್ದೇನೆ. ನೆರಳಿನ ಲೆಕ್ಕ ಮಾತ್ರ ಅವರಿಗೆ ಭಾಳ ಹಿಡಿಸಿತು. "ಹಂಗಾರ ಹಪ್ಪಳಾ ಹನ್ನೊಂದಕ್ಕ ಹಾಕ್ತೀನಿ ತಗೋ" ಅಂದರು.