ಸುಮ್ನೆ ಕೂರುವ ಟ್ರಂಪೆಟ್‌ನವರಿಗೂ ಪೂರ್ತಿ ಸಂಬಳವಾ?

ಪ್ರಶ್ನೆ: ನಮ್ಮ ಹುಡುಗ ಶಿವಮೊಗ್ಗದ ಒಂದು ಬ್ಯಾಂಡ್‌ಸೆಟ್‌ನಲ್ಲಿ ಟ್ರಂಪೆಟ್ ಊದುತ್ತಾನೆ. ಮದುವೆ ಮೆರವಣಿಗೆ ಅಂದರೆ ಎರಡು ಗಂಟೆ ಊದಿ ಸುಸ್ತಾಗಿ ಬರುತ್ತಾನೆ. ಮೊನ್ನೆ ಮೊಬೈಲಿನಲ್ಲಿ ವಿದೇಶದ ದೊಡ್ಡ ಆರ್ಕೆಸ್ಟ್ರಾ ನೋಡಿದೆವು. ಅಲ್ಲಿ ಟ್ರಂಪೆಟ್‌ನವರು ಬಹಳ ಹೊತ್ತು ಸುಮ್ನೆ ಕೂತಿದ್ದರು. ಅದಕ್ಕೂ ತಿಂಗಳ ಸಂಬಳ ಇರುತ್ತದಾ?
(ತೀರ್ಥಹಳ್ಳಿಯ ಓದುಗರೊಬ್ಬರು)

ಇರುತ್ತದೆ. ನನ್ನ ಹತ್ತಿರ ಕಲಿಯಲು ಬರುವ ಮಕ್ಕಳ ಅಪ್ಪ ಅಮ್ಮಂದಿರೂ ಇದನ್ನೇ ಕೇಳುತ್ತಾರೆ. ಆ ಕೂರುವುದೇ ಆ ಕೆಲಸದಲ್ಲಿ ಎಲ್ಲಕ್ಕಿಂತ ಕಷ್ಟ.

ಯಾಕೆ ಅಂತ ತಿಳಿಯಲು ವಾದ್ಯವನ್ನೇ ನೋಡಬೇಕು. ಟ್ರಂಪೆಟ್‌ಗೆ ಇರುವುದು ಮೂರೇ ವಾಲ್ವ್. ಒತ್ತಿದರೆ ಗಾಳಿ ಹೋಗುವ ಕೊಳವೆ ಉದ್ದವಾಗಿ ಸ್ವರ ಇಳಿಯುತ್ತದೆ. ಉಳಿದದ್ದೆಲ್ಲ ತುಟಿಯ ಕೆಲಸ. ಒಂದೂ ವಾಲ್ವ್ ಒತ್ತದೆ, ಬರೀ ತುಟಿ ಬಿಗಿ ಮಾಡುತ್ತಾ ಹೋದರೂ ಒಂದರ ಮೇಲೊಂದು ಆರೇಳು ಸ್ವರ ಬರುತ್ತವೆ. ಕೆಳಗಿನ ಸ್ವರಗಳ ನಡುವೆ ಜಾಗ ಜಾಸ್ತಿ. ಮೇಲೆ ಹೋದಷ್ಟೂ ಅವು ಒತ್ತೊತ್ತಾಗಿ ಕೂತಿರುತ್ತವೆ. ಅಲ್ಲಿ ತುಟಿ ಕೂದಲೆಳೆಯಷ್ಟು ಜಾರಿದರೂ ಪಕ್ಕದ ಸ್ವರ ಬಂದುಬಿಡುತ್ತದೆ. ಮೆರವಣಿಗೆಯಲ್ಲಿ ಡ್ರಮ್ಮಿನ ಸದ್ದು ಅದನ್ನು ಮುಚ್ಚುತ್ತದೆ. ಸಭಾಂಗಣದಲ್ಲಿ ಮುಚ್ಚುವವರು ಯಾರೂ ಇಲ್ಲ. ಹದಿನಾಲ್ಕು ಪಿಟೀಲಿನವರು ಒಂದೇ ಸಾಲು ನುಡಿಸುವಾಗ ಒಬ್ಬರು ತಪ್ಪಿದರೆ ಗೊತ್ತಾಗುವುದಿಲ್ಲ. ಟ್ರಂಪೆಟ್‌ನವರು ಇರುವುದು ಎರಡು, ಮೂರು ಜನ. ಒಬ್ಬೊಬ್ಬರಿಗೂ ಬೇರೆ ಬೇರೆ ಸಾಲು.

ಈಗ ಕೂರುವ ವಿಷಯ. ಎದುರಿನ ಹಾಳೆಯಲ್ಲಿ ಒಂದು ದಪ್ಪ ಗೆರೆ, ಅದರ ಮೇಲೆ 72 ಅಂತ ಬರೆದಿರುತ್ತದೆ ಅಂದುಕೊಳ್ಳಿ. ಎಪ್ಪತ್ತೆರಡು ಬಾರ್, ಅಂದರೆ ಇಲ್ಲಿ ನಾಲ್ಕು ನಾಲ್ಕು ಏಟಿನ ಎಪ್ಪತ್ತೆರಡು ಸುತ್ತು, ಸುಮ್ಮನಿರಬೇಕು ಅಂತ ಅರ್ಥ. ನಮ್ಮವರು ಆವರ್ತ ಲೆಕ್ಕ ಹಾಕುತ್ತಾರಲ್ವಾ, ಹಾಗೇ ಎಣಿಸಬೇಕು. ಒಂದು-ಎರಡು-ಮೂರು-ನಾಲ್ಕು, ಎರಡು-ಎರಡು-ಮೂರು-ನಾಲ್ಕು, ಮೂರು-ಎರಡು-ಮೂರು-ನಾಲ್ಕು. ಕೈ ತೊಡೆಯ ಮೇಲೆ, ಬೆರಳು ಮಡಚುತ್ತಾ. ನಿಮಿಷಕ್ಕೆ 72 ಏಟಿನ ನಡೆಯಾದರೆ ಸರಿಯಾಗಿ ನಾಲ್ಕು ನಿಮಿಷ. ಅಷ್ಟರಲ್ಲಿ ಹಿತ್ತಾಳೆ ತಣ್ಣಗಾಗಿ ಶ್ರುತಿ ಇಳಿದಿರುತ್ತದೆ. ತುಟಿಯೂ ಆರಿರುತ್ತದೆ. ಅದಕ್ಕೆ ಸರದಿ ಬರುವ ಮುಂಚೆ ಸದ್ದಾಗದಂತೆ ಕೊಳವೆಯೊಳಗೆ ಬಿಸಿ ಉಸಿರು ಬಿಡುತ್ತಾರೆ. ಆಮೇಲೆ ಒಂದೇ ಉಸಿರಿಗೆ, ಮೆಲ್ಲಗೆ, ಎತ್ತರದ ಸ್ವರ. ಎರಡನೇ ಅವಕಾಶ ಇಲ್ಲ. ಸಂಗೀತ ರಚನಕಾರ ಮಾಹ್ಲರ್ ಇಡೀ ಆರ್ಕೆಸ್ಟ್ರಾಗೆಂದು ಬರೆದ ದೊಡ್ಡ ಕೃತಿ, ಐದನೇ ಸಿಂಫನಿ, ಶುರುವಾಗುವುದೇ ಒಂಟಿ ಟ್ರಂಪೆಟ್‌ನಿಂದ. ಇಡೀ ಆರ್ಕೆಸ್ಟ್ರಾ ಸುಮ್ಮನಿದ್ದು ಆ ಒಬ್ಬರ ಉಸಿರಿಗೆ ಕಾಯುತ್ತದೆ. ನನಗೆ ಇವತ್ತಿಗೂ ಕೇಳುವಾಗ ಎದೆ ಹೊಡೆದುಕೊಳ್ಳುತ್ತದೆ.

ಆ ಒಂದು ಸ್ವರಕ್ಕಾಗಿ ದಿನವೆಲ್ಲ ತಯಾರಿ. ಬೆಳಿಗ್ಗೆ ಎದ್ದು ಮೆಲುದನಿಯಲ್ಲಿ ಉದ್ದುದ್ದ ಸ್ವರ. ಊದಿದಷ್ಟೇ ಹೊತ್ತು ವಿಶ್ರಾಂತಿ. ಆಮೇಲೆ ಎರಡೂವರೆ, ಮೂರು ಗಂಟೆಯ ರಿಹರ್ಸಲ್, ಸಂಜೆ ಕಛೇರಿ. ಕೆಲವು ದಿನ ಬಿಟ್ಟರೆ ತುಟಿಯ ಬಲ ಇಳಿಯುತ್ತದೆ. ಹಾಗಾಗಿ ರಜೆಗೆ ಹೋದರೂ ವಾದ್ಯ ಜೊತೆಗಿರುತ್ತದೆ. ಉಪ್ಪು ಜಾಸ್ತಿಯಾದರೆ ತುಟಿ ಊದಿಕೊಳ್ಳುತ್ತದೆ ಅಂತ ಕಛೇರಿ ದಿನ ಉಪ್ಪಿನ ಪದಾರ್ಥ ಮುಟ್ಟದವರಿದ್ದಾರೆ. ನಿಮ್ಮ ಹುಡುಗನೂ ಅವತ್ತೊಂದು ದಿನ ಅಪ್ಪೆಮಿಡಿ ಉಪ್ಪಿನಕಾಯಿ ಬಿಡಲಿ.

ಕೆಲಸ ಸಿಗುತ್ತದಾ ಅಂತ ನೀವು ಕೇಳಿಲ್ಲ, ಆದರೂ ಹೇಳಬೇಕು. ಕುರ್ಚಿ ಕಡಿಮೆ. ಒಬ್ಬರು ನಿವೃತ್ತರಾದರೆ ಒಂದು ಜಾಗ. ಪರೀಕ್ಷೆ ಅನೇಕ ಕಡೆ ಪರದೆಯ ಹಿಂದೆ ನಡೆಯುತ್ತದೆ, ಊದುವವರು ಯಾರೆಂದು ತೀರ್ಪುಗಾರರಿಗೆ ಕಾಣುವುದಿಲ್ಲ. ನಮ್ಮಲ್ಲಿ ವೃತ್ತಿಪರ ಆರ್ಕೆಸ್ಟ್ರಾ ಅಂದರೆ ಮುಂಬೈನಲ್ಲಿ 2006ರಲ್ಲಿ ಶುರುವಾದ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾ. ಅಲ್ಲೂ ಸೀಸನ್‌ಗೆ ಹೊರದೇಶದಿಂದ ಬಹಳ ಜನ ಬರುತ್ತಾರೆ. ಟ್ರಂಪೆಟ್ ಹಿಡಿದು ತಿಂಗಳ ಸಂಬಳ ಬೇಕೆಂದರೆ ಸೇನೆಯ ಬ್ಯಾಂಡ್, ಪೊಲೀಸ್ ಬ್ಯಾಂಡ್ ಹೆಚ್ಚು ಹತ್ತಿರದ ದಾರಿ. ಸೇನೆಯ ಸಂಗೀತ ಶಾಲೆ ಮಧ್ಯಪ್ರದೇಶದ ಪಚ್‌ಮಢಿಯಲ್ಲಿದೆ. ನಮ್ಮ ಕೊಡಗಿನ ಕಾರ್ಯಪ್ಪ ಸೇನೆಯ ಮುಖ್ಯಸ್ಥರಾಗಿದ್ದಾಗ, 1950ರಲ್ಲಿ ಶುರುವಾದದ್ದು. ಮೈಸೂರಿನ ಅರಮನೆ ಬ್ಯಾಂಡ್ ಕೂಡ ಇವತ್ತು ಪೊಲೀಸ್ ಬ್ಯಾಂಡ್ ಆಗಿ ಉಳಿದಿದೆ.

ಹುಡುಗನಿಗೆ ಈ ವಾರ ಒಂದು ಕೆಲಸ ಕೊಡಿ. ಮಳೆ ಹಿಡಿದು ಥಂಡಿ ಇರುವ ಸಂಜೆಯೇ ಒಳ್ಳೆಯದು. ಮೌತ್‌ಪೀಸ್ ಮುಷ್ಟಿಯಲ್ಲಿ ಹಿಡಿದು ಬೆಚ್ಚಗಿಟ್ಟುಕೊಳ್ಳಲಿ. ಕಣ್ಣು ಮುಚ್ಚಿ 72 ಬಾರ್ ಎಣಿಸಲಿ. 73ನೆಯದಕ್ಕೆ ಒಂದೇ ಸ್ವರ, ಪಕ್ಕದ ಕೋಣೆಯಲ್ಲಿ ಮಲಗಿದ ಮಗು ಏಳದಷ್ಟು ಮೆಲ್ಲಗೆ. ಹತ್ತು ಸಲದಲ್ಲಿ ಎಷ್ಟು ಸಲ ಸರಿ ಬಂತು ಅಂತ ಗೋಡೆ ಕ್ಯಾಲೆಂಡರ್ ಮೇಲೆ ಬರೆದಿಡಿ. ಮುಂದಿನ ತಿಂಗಳು ನನಗೂ ತಿಳಿಸಿ.